ಕೀ ಒತ್ತಿದರೂ ಸದ್ದಿಲ್ಲವೇ? ಮಿಡಿ ಟ್ರ್ಯಾಕ್ ಮತ್ತು ವರ್ಚುವಲ್ ವಾದ್ಯ ಜೋಡಿಸುವ ಸಮಗ್ರ ಮಾರ್ಗದರ್ಶಿ

ರೆಕಾರ್ಡಿಂಗ್ ಸಾಫ್ಟ್‌ವೇರ್ ಹೊಸದಾಗಿ ಹಾಕಿಕೊಂಡವರೆಲ್ಲ ಒಂದಲ್ಲ ಒಂದು ದಿನ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೀಬೋರ್ಡ್ ಬಂತು, ಯುಎಸ್‌ಬಿ ಕೇಬಲ್ ಸಿಕ್ಕಿಸಿದ್ದಾಯ್ತು, ಪಿಯಾನೋ ಪ್ಲಗಿನ್, ಅಂದರೆ ಸಾಫ್ಟ್‌ವೇರ್‌ನೊಳಗೆ ಕೂತು ನುಡಿಯುವ ವಾದ್ಯ, ಇಳಿಸಿದ್ದೂ ಆಯ್ತು. ಕೀ ಒತ್ತಿದರೆ ಮಾತ್ರ ಸದ್ದೇ ಇಲ್ಲ. ನಾನು ಮೊದಲ ಸಲ ಕೂತಾಗ ಇಡೀ ಸಂಜೆ ಹಾಳಾಯಿತು. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಕೇಬಲ್ ಬದಲಿಸಿದೆ, ಕಂಪ್ಯೂಟರ್ ಮೂರು ಸಲ ರೀಸ್ಟಾರ್ಟ್ ಮಾಡಿದೆ. ಕೊನೆಗೆ ನೋಡಿದರೆ ಕೀಬೋರ್ಡ್ ತನ್ನ ಸಂದೇಶಗಳನ್ನು 10ನೇ ಚಾನೆಲ್‌ನಲ್ಲಿ ಕಳಿಸುತ್ತಿತ್ತು, ಟ್ರ್ಯಾಕ್ 1ನೇ ಚಾನೆಲ್‌ಗೆ ಕಿವಿ ಕೊಟ್ಟು ಕೂತಿತ್ತು. ಅಷ್ಟೇ!

ಅಂದಿನಿಂದ ನಾನು ಇದನ್ನು ನೀರಿನ ಪೈಪಿನ ಹಾಗೆ ನೋಡುತ್ತೇನೆ. ನೀರು ಬರದಿದ್ದರೆ ಇಡೀ ಪೈಪ್ ಕಿತ್ತುಹಾಕುವುದಿಲ್ಲ, ಒಂದು ಕಡೆಯಿಂದ ಒಂದೊಂದೇ ಜಾಯಿಂಟ್ ಮುಟ್ಟಿ ನೋಡುತ್ತಾ ಹೋಗುತ್ತೇವೆ. ಇಲ್ಲಿರುವುದು ಐದೇ ಜಾಯಿಂಟ್: ಕೀಬೋರ್ಡ್, ಮಿಡಿ ಇನ್‌ಪುಟ್ (ಕೀಬೋರ್ಡಿನ ಸಂದೇಶ ಕಂಪ್ಯೂಟರ್‌ಗೆ ಒಳಬರುವ ದಾರಿ), ಟ್ರ್ಯಾಕ್ (ಒಂದು ವಾದ್ಯ ರೆಕಾರ್ಡ್ ಆಗುವ ಸಾಲು), ವಾದ್ಯದ ಪ್ಲಗಿನ್, ಆಡಿಯೋ ಔಟ್‌ಪುಟ್. ಎಲ್ಲಿ ಕಡಿದಿದೆ ಎಂದು ಗೊತ್ತಾದರೆ ಸರಿಮಾಡುವುದು ಒಂದು ನಿಮಿಷದ ಕೆಲಸ.

ಉದಾಹರಣೆಗೆ ರೀಪರ್ ಸಾಫ್ಟ್‌ವೇರ್ ಬಳಸುತ್ತೇನೆ. ಅದನ್ನು 60 ದಿನ ದುಡ್ಡು ಕೊಡದೆ ಪರೀಕ್ಷಿಸಿ ನೋಡಬಹುದು. ನಿಮ್ಮ ಹತ್ತಿರ ಕ್ಯೂಬೇಸ್, ಲಾಜಿಕ್, ಏಬಲ್ಟನ್ ಲೈವ್, ಎಫ್‌ಎಲ್ ಸ್ಟುಡಿಯೋ ಯಾವುದಿದ್ದರೂ ಚಿಂತೆಯಿಲ್ಲ. ಮೆನುವಿನ ಹೆಸರು ಬೇರೆ, ಪೈಪು ಅದೇ.

ಮಿಡಿಯಲ್ಲಿ ಸದ್ದು ಇರುವುದಿಲ್ಲ

ಮೊದಲು ಇದೊಂದು ತಲೆಗೆ ಹೋಗಬೇಕು. ಮೈಕ್‌ನಲ್ಲಿ ಹಾಡಿದರೆ ನಿಮ್ಮ ದನಿಯೇ ರೆಕಾರ್ಡ್ ಆಗುತ್ತದೆ. ಮಿಡಿ ಕೀಬೋರ್ಡ್ ಒತ್ತಿದರೆ ಬರೀ ಅಂಕಿಗಳು ಹೋಗುತ್ತವೆ: "60ನೇ ನಂಬರಿನ ಕೀ, 96ರಷ್ಟು ಜೋರಾಗಿ, ಈಗ ಒತ್ತಿದ್ದಾರೆ". ಬೆರಳು ಎತ್ತಿದಾಗ "60 ಬಿಟ್ಟರು". ಅಷ್ಟೇ ಸಮಾಚಾರ. ಅದನ್ನು ಪಿಯಾನೋ ಮಾಡಬೇಕೋ ವಯೊಲಿನ್ ಮಾಡಬೇಕೋ ಎನ್ನುವುದು ಪ್ಲಗಿನ್‌ಗೆ ಬಿಟ್ಟದ್ದು.

ಈ ಪದ್ಧತಿ ಶುರುವಾದದ್ದು 1983ರಲ್ಲಿ. ಆ ವರ್ಷದ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿಯ ಪ್ರಾಫೆಟ್-600 ಮತ್ತು ರೋಲಂಡ್ ಕಂಪನಿಯ ಜುಪಿಟರ್-6 ಎಂಬ ಎರಡು ಸಿಂಥ್‌ಗಳನ್ನು (ಸದ್ದನ್ನು ಎಲೆಕ್ಟ್ರಾನಿಕ್ ಆಗಿ ಹುಟ್ಟಿಸುವ ಕೀಬೋರ್ಡ್ ವಾದ್ಯ) ಕೇಬಲ್‌ನಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದು ನುಡಿಯುವುದನ್ನು ತೋರಿಸಿದ್ದರು. ಅವತ್ತಿನ ನಿಯಮಗಳು ಇವತ್ತಿಗೂ ನಡೆಯುತ್ತಿವೆ. ಒಂದು ಕೇಬಲ್‌ಗೆ 16 ಚಾನೆಲ್. ಹೆಚ್ಚಿನ ಅಂಕಿಗಳೆಲ್ಲ 0ಯಿಂದ 127ರ ಒಳಗೆ. 2020ರಲ್ಲಿ ಮಿಡಿ 2.0 ಬಂದಿದೆ ನಿಜ, ಆದರೆ ಮನೆಯಲ್ಲಿ ಕೂತು ಟ್ರ್ಯಾಕ್ ಮಾಡುವವರಿಗೆ ಹಳೆಯದೇ ಧಾರಾಳ ಸಾಕು.

ಬರೀ ಅಂಕಿ ಆಗಿರುವುದರಿಂದಲೇ ಇದರಲ್ಲಿ ಇಷ್ಟು ಸುಖ. ತಪ್ಪು ನುಡಿಸಿದ ಒಂದು ನೋಟನ್ನು ಮೌಸ್‌ನಲ್ಲಿ ಎಳೆದು ಸರಿಮಾಡಬಹುದು. ಶ್ರುತಿ ಬದಲಿಸಬಹುದು, ವೇಗ ಬದಲಿಸಬಹುದು, ನಾಳೆ ಪಿಯಾನೋ ಬೇಡ ಅನ್ನಿಸಿದರೆ ವಾದ್ಯವನ್ನೇ ಬದಲಿಸಬಹುದು.

ಮೊದಲು ಕೊನೆಯ ಜಾಯಿಂಟ್: ಆಡಿಯೋ

ಎಲ್ಲರೂ ಕೀಬೋರ್ಡ್‌ನಿಂದ ಶುರುಮಾಡುತ್ತಾರೆ. ನಾನು ಉಲ್ಟಾ ಹೇಳುತ್ತೇನೆ, ಮೊದಲು ಸ್ಪೀಕರ್ ಕಡೆ ನೋಡಿ. ಸಾಫ್ಟ್‌ವೇರ್‌ಗೆ ಯಾವುದೋ ಒಂದು ಹಾಡಿನ ಫೈಲ್ ಎಳೆದುಹಾಕಿ ಪ್ಲೇ ಒತ್ತಿ. ಕೇಳಿಸಿತಾ? ಹಾಗಾದರೆ ಔಟ್‌ಪುಟ್ ಸರಿಯಿದೆ. ಮುಂದೆ ಸದ್ದು ಬರದಿದ್ದರೆ ಇತ್ತ ಕಡೆ ತಿರುಗಿಯೂ ನೋಡಬೇಕಿಲ್ಲ.

ಕೇಳಿಸದಿದ್ದರೆ ಆಪ್ಷನ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆದು ಆಡಿಯೋ ಡಿವೈಸ್ ಪುಟಕ್ಕೆ ಹೋಗಿ. ವಿಂಡೋಸ್‌ನಲ್ಲಿ ಏಸಿಯೋ ಡ್ರೈವರ್ (ಸದ್ದನ್ನು ಕಡಿಮೆ ತಡದಲ್ಲಿ ಸಾಗಿಸುವಂಥದ್ದು) ಆರಿಸಿ. ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರ್‌ಗೆ ಹೊರಗಿನಿಂದ ಜೋಡಿಸುವ ಸದ್ದಿನ ಪೆಟ್ಟಿಗೆ) ಇದ್ದರೆ ಅದರ ಕಂಪನಿಯೇ ಕೊಟ್ಟ ಏಸಿಯೋ ಡ್ರೈವರ್ ಹಾಕಿಕೊಳ್ಳಿ. ಇಲ್ಲದಿದ್ದರೆ ಏಸಿಯೋ4ಆಲ್ ಎನ್ನುವ ಉಚಿತ ಡ್ರೈವರ್ ಇದೆ, ಅಥವಾ ವಿಂಡೋಸ್‌ನದ್ದೇ ಆದ ವಾಸಾಪಿ ಆರಿಸಿ ನೋಡಿ. ಮ್ಯಾಕ್‌ನವರಿಗೆ ಈ ತಲೆನೋವಿಲ್ಲ, ಕೋರ್ ಆಡಿಯೋ ತಾನಾಗೇ ಇರುತ್ತದೆ.

ಅಲ್ಲೇ ಬಫರ್ ಅಂತ ಒಂದು ಅಂಕಿ ಕಾಣಿಸುತ್ತದೆ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಸದ್ದಿನ ಎಷ್ಟು ಸ್ಯಾಂಪಲ್ (ಚೂರು) ಕೂಡಿಟ್ಟು ಕಳಿಸುತ್ತದೆ ಎನ್ನುವುದು. ಕೀ ಒತ್ತಿದ ಮೇಲೆ ಸದ್ದು ಎಷ್ಟು ತಡವಾಗಿ ಬರುತ್ತದೆ ಎನ್ನುವುದು ಬಹುಮಟ್ಟಿಗೆ ಇದರ ಕೈಯಲ್ಲಿದೆ. ಲೆಕ್ಕ ಸುಲಭ: ಬಫರ್ ಅಂಕಿಯನ್ನು ಸ್ಯಾಂಪಲ್ ರೇಟ್‌ನಿಂದ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎನ್ನುವ ಅಂಕಿ) ಭಾಗಿಸಿದರೆ ಆಯಿತು. 44,100 ರೇಟ್‌ನಲ್ಲಿ 128 ಬಫರ್ ಅಂದರೆ ಸುಮಾರು 2.9 ಮಿಲಿಸೆಕೆಂಡ್, 256 ಅಂದರೆ 5.8, 512ಕ್ಕೆ 11.6, 1024ಕ್ಕೆ 23ರ ಮೇಲೆ. ಇದರ ಜೊತೆ ಡ್ರೈವರ್‌ನ ತಡವೂ ಸ್ವಲ್ಪ ಸೇರುತ್ತದೆ. ನುಡಿಸುವಾಗ 128 ಅಥವಾ 256 ಇಡಿ. ಸದ್ದು ಚಟಪಟ ಒಡೆಯತೊಡಗಿದರೆ ಕಂಪ್ಯೂಟರ್ ಏದುಸಿರು ಬಿಡುತ್ತಿದೆ ಅಂತ ಅರ್ಥ, ಒಂದು ಮೆಟ್ಟಿಲು ಜಾಸ್ತಿ ಮಾಡಿ. ನುಡಿಸುವುದೆಲ್ಲ ಮುಗಿದು ಮಿಕ್ಸಿಂಗ್‌ಗೆ ಕೂತಾಗ 1024 ಇಟ್ಟರೂ ಏನೂ ತೊಂದರೆ ಇಲ್ಲ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಮಾತ್ರ ನುಡಿಸಬೇಡಿ. ಬಫರ್ ಎಷ್ಟೇ ಇಳಿಸಿದರೂ ಬ್ಲೂಟೂತ್‌ನದ್ದೇ 100ರಿಂದ 200 ಮಿಲಿಸೆಕೆಂಡ್ ತಡ ಇರುತ್ತದೆ. ನಿಮ್ಮ ತಾಳವೇ ಸರಿಯಿಲ್ಲ ಅಂತ ಅನುಮಾನ ಬರುವಷ್ಟು! ವೈರ್ ಇರುವ ಸಾಧಾರಣ ಇಯರ್‌ಫೋನ್ ಸಾಕು.

ಕೀಬೋರ್ಡ್ ಕಾಣಿಸಬೇಕು

ಕೀಬೋರ್ಡನ್ನು ಸಾಫ್ಟ್‌ವೇರ್ ತೆರೆಯುವ ಮೊದಲೇ ಸಿಕ್ಕಿಸಿ. ಈಗಿನ ಯುಎಸ್‌ಬಿ ಕೀಬೋರ್ಡ್‌ಗಳಿಗೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಿಲ್ಲ. ಹಳೆಯ ಕಾಲದ ಐದು ಪಿನ್ನಿನ ದುಂಡನೆಯ ಕೇಬಲ್ ಆದರೆ ಒಂದು ನೆನಪಿಡಿ: ಕೀಬೋರ್ಡಿನ ಔಟ್‌ನಿಂದ ಇಂಟರ್‌ಫೇಸಿನ ಇನ್‌ಗೆ ಹೋಗಬೇಕು. ಇನ್‌ಗೆ ಇನ್ ಚುಚ್ಚಿ ಕೂತವರನ್ನು ತುಂಬಾ ನೋಡಿದ್ದೇನೆ.

ಪ್ರಿಫರೆನ್ಸಸ್‌ನ ಮಿಡಿ ಪುಟದಲ್ಲಿ ನಿಮ್ಮ ಕೀಬೋರ್ಡಿನ ಹೆಸರು ಇರಬೇಕು. ಹೆಸರು ಇದ್ದ ಮಾತ್ರಕ್ಕೆ ಆಗಲಿಲ್ಲ, ಅದು ಇನೇಬಲ್ ಆಗಿದೆಯಾ ನೋಡಿ. ಕೆಲವು ಕೀಬೋರ್ಡ್‌ಗಳು ಎರಡು ಮೂರು ಪೋರ್ಟ್ ತೋರಿಸುತ್ತವೆ. ಒಂದು ಕೀಗಳಿಗೆ, ಇನ್ನೊಂದು ಪ್ಲೇ, ಸ್ಟಾಪ್ ತರಹದ ಬಟನ್‌ಗಳಿಗೆ. ಕೀಗಳ ಪೋರ್ಟ್ ಮಾತ್ರ ಆನ್ ಮಾಡಿ.

ಹೆಸರೇ ಇಲ್ಲದಿದ್ದರೆ ಬೇರೆ ಸಾಫ್ಟ್‌ವೇರ್ ಯಾವುದಾದರೂ ತೆರೆದಿದೆಯಾ ನೋಡಿ. ವಿಂಡೋಸ್‌ನಲ್ಲಿ ಎಷ್ಟೋ ಸಲ ಒಂದು ಮಿಡಿ ಪೋರ್ಟ್ ಒಂದು ಸಾಫ್ಟ್‌ವೇರ್‌ಗೆ ಮಾತ್ರ ಸಿಗುತ್ತದೆ, ಮೊದಲು ಹಿಡಿದವರದ್ದೇ ರಾಜ್ಯ. ಇನ್ನೊಂದು ಕಾರಣ ಕೇಬಲ್. ಚಾರ್ಜಿಂಗ್‌ಗೆ ಮಾತ್ರ ಆಗುವ ಯುಎಸ್‌ಬಿ ಕೇಬಲ್‌ಗಳಿವೆ, ಅವುಗಳಲ್ಲಿ ಕೀಬೋರ್ಡಿನ ಲೈಟ್ ಉರಿಯುತ್ತದೆ, ಡೇಟಾ ಹೋಗುವುದಿಲ್ಲ.

ಕೀಬೋರ್ಡೇ ಇಲ್ಲವಾ? ರೀಪರ್‌ನಲ್ಲಿ ಆಲ್ಟ್ ಮತ್ತು ಬಿ ಒತ್ತಿದರೆ ತೆರೆಯ ಮೇಲೆ ಒಂದು ಕೀಬೋರ್ಡ್ ಬರುತ್ತದೆ, ಟೈಪ್ ಮಾಡುವ ಕೀಗಳಿಂದಲೇ ನುಡಿಸಬಹುದು. ಎಷ್ಟು ಮೆಲ್ಲಗೆ ಒತ್ತಿದರೂ ಒಂದೇ ಜೋರು ಬರುತ್ತದೆ, ಅದೊಂದು ಕೊರತೆ. ಕಲಿಯಲು ಸಾಕು.

ಪ್ಲಗಿನ್ ಹಾಕುವುದು

ಸಾಫ್ಟ್‌ವೇರ್‌ನೊಳಗೆ ಕೂರುವ ವಾದ್ಯಗಳಿಗೆ ಹಲವು ರೂಪಗಳಿವೆ. ವಿಎಸ್‌ಟಿಯನ್ನು ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತಂದಿತು, ಈಗ ನಡೆಯುತ್ತಿರುವುದು ವಿಎಸ್‌ಟಿ3. ಲಾಜಿಕ್‌ನವರಿಗೆ ಆಡಿಯೋ ಯೂನಿಟ್ ಬೇಕು, ಪ್ರೊ ಟೂಲ್ಸ್‌ನವರಿಗೆ ಎಎಎಕ್ಸ್. ಕ್ಲ್ಯಾಪ್ ಅಂತ ಇನ್ನೊಂದು 2022ರಲ್ಲಿ ಬಂದಿದೆ, ರೀಪರ್ ಅದನ್ನೂ ಓದುತ್ತದೆ. ಇನ್‌ಸ್ಟಾಲ್ ಮಾಡುವಾಗ ಎಲ್ಲ ಡಬ್ಬಕ್ಕೂ ಟಿಕ್ ಹಾಕುತ್ತಾ ಹೋಗಬೇಡಿ. ಒಂದೇ ವಾದ್ಯ ಪಟ್ಟಿಯಲ್ಲಿ ಮೂರು ಸಲ ಬಂದು ಕೂರುತ್ತದೆ. ರೀಪರ್‌ಗೆ ವಿಎಸ್‌ಟಿ3 ಸಾಕು.

ವಿಂಡೋಸ್‌ನಲ್ಲಿ ವಿಎಸ್‌ಟಿ3 ಪ್ಲಗಿನ್‌ಗಳಿಗೆ ಒಂದು ಗೊತ್ತಾದ ಜಾಗವಿದೆ: ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಅದರೊಳಗೆ ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3 ಎಂಬ ಫೋಲ್ಡರ್. ಇನ್‌ಸ್ಟಾಲರ್ ಅಲ್ಲೇ ಹಾಕುತ್ತೇನೆ ಅಂದರೆ ಹಾಕಲು ಬಿಡಿ, ಜಾಗ ಬದಲಿಸಬೇಡಿ. ಆಮೇಲೆ ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ಪ್ಲಗಿನ್ಸ್, ಅದರಡಿ ವಿಎಸ್‌ಟಿ ಪುಟಕ್ಕೆ ಹೋಗಿ ರೀಸ್ಕ್ಯಾನ್ ಒತ್ತಿದರೆ ಪಟ್ಟಿಗೆ ಬರುತ್ತದೆ. ಬರದಿದ್ದರೆ ಅದು 32-ಬಿಟ್‌ನ ಹಳೆಯ ಪ್ಲಗಿನ್ ಇರಬಹುದು. ಎಷ್ಟೋ ಸಾಫ್ಟ್‌ವೇರ್‌ಗಳು ಅವನ್ನು ಓದುವುದನ್ನೇ ಬಿಟ್ಟಿವೆ.

ಪಿಯಾನೋ, ವಯೊಲಿನ್ ತರಹದ ವಾದ್ಯಗಳಲ್ಲಿ ಎರಡು ಭಾಗ ಇರುತ್ತದೆ. ಪ್ಲಗಿನ್ ಒಂದು, ನಿಜವಾದ ವಾದ್ಯದಿಂದ ರೆಕಾರ್ಡ್ ಮಾಡಿದ ಸದ್ದಿನ ಲೈಬ್ರರಿ ಇನ್ನೊಂದು. ಲೈಬ್ರರಿ ಹಲವು ಜಿಬಿ ಇರಬಹುದು, ಎಸ್‌ಎಸ್‌ಡಿ ಮೇಲಿದ್ದರೆ ಬೇಗ ತೆರೆಯುತ್ತದೆ. ಲೈಬ್ರರಿಯ ಫೋಲ್ಡರನ್ನು ಆಮೇಲೆ ಅತ್ತಿತ್ತ ಸರಿಸಿದರೆ ಪ್ಲಗಿನ್ ತೆರೆಯುತ್ತದೆ, ಕೀಗಳೂ ಕುಣಿಯುತ್ತವೆ, ಸದ್ದು ಮಾತ್ರ ಬರುವುದಿಲ್ಲ. ಆಗ ಪ್ಲಗಿನ್ನಿನ ಸೆಟ್ಟಿಂಗ್ಸ್‌ನಲ್ಲಿ ಹೊಸ ಜಾಗ ತೋರಿಸಬೇಕು.

ಯಾವುದರಿಂದ ಶುರುಮಾಡುವುದು? ಸಿಂಥ್ ಬೇಕಾದರೆ ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ, ವೈಟಲ್‌ಗೂ ಉಚಿತ ಆವೃತ್ತಿ ಇದೆ. ಯಮಹಾದ ಹಳೆಯ ಡಿಎಕ್ಸ್7 ಸದ್ದು ಇಷ್ಟವಾದರೆ ಡೆಕ್ಸೆಡ್. ಸ್ಯಾಂಪಲ್ ವಾದ್ಯಗಳಿಗೆ ಡೀಸೆಂಟ್ ಸ್ಯಾಂಪ್ಲರ್ ಚೆನ್ನಾಗಿದೆ. ಇಷ್ಟರಲ್ಲೇ ಒಂದು ವರ್ಷ ಕಳೆಯಬಹುದು. ಉಚಿತ ಅಂತ ಸುಮ್ನೆ ಐವತ್ತು ಪ್ಲಗಿನ್ ಗುಡ್ಡೆ ಹಾಕಿಕೊಂಡರೆ ಹುಡುಕುವುದರಲ್ಲೇ ಹಾಡು ಮರೆತುಹೋಗುತ್ತದೆ, ನನಗೆ ಆಗಿದೆ.

ಈಗ ಟ್ರ್ಯಾಕ್

1. ಟ್ರ್ಯಾಕ್ ಮೆನುವಿನಲ್ಲಿ "ಇನ್ಸರ್ಟ್ ವರ್ಚುವಲ್ ಇನ್‌ಸ್ಟ್ರುಮೆಂಟ್ ಆನ್ ನ್ಯೂ ಟ್ರ್ಯಾಕ್" ಒತ್ತಿ. ಕ್ಯೂಬೇಸ್‌ನಲ್ಲಾದರೆ ಇನ್‌ಸ್ಟ್ರುಮೆಂಟ್ ಟ್ರ್ಯಾಕ್, ಲಾಜಿಕ್‌ನಲ್ಲಿ ಸಾಫ್ಟ್‌ವೇರ್ ಇನ್‌ಸ್ಟ್ರುಮೆಂಟ್, ಏಬಲ್ಟನ್‌ನಲ್ಲಿ ಮಿಡಿ ಟ್ರ್ಯಾಕ್ ಮಾಡಿ ವಾದ್ಯವನ್ನು ಅದರ ಮೇಲೆ ಎಳೆದುಹಾಕುವುದು.

2. ಪಟ್ಟಿಯಿಂದ ವಾದ್ಯ ಆರಿಸಿ. ಮೊದಲ ಸಲ ರೀಪರ್‌ನದ್ದೇ ಆದ ರಿಯಾಸಿಂಥ್ ಹಾಕಿ ನೋಡಿ. ಸದ್ದೇನೋ ಬೊಂಬಾಟ್ ಅಲ್ಲ, ಆದರೆ ಅದಕ್ಕೆ ಲೈಬ್ರರಿ ಇಲ್ಲ, ಲೈಸೆನ್ಸ್ ಇಲ್ಲ. ಅದು ನುಡಿದರೆ ನಿಮ್ಮ ಪೈಪೆಲ್ಲ ಸರಿಯಿದೆ, ತೊಂದರೆ ಇದ್ದದ್ದು ಆ ದೊಡ್ಡ ಪ್ಲಗಿನ್ನಿನಲ್ಲೇ ಅಂತ ಗೊತ್ತಾಗುತ್ತದೆ.

3. ಟ್ರ್ಯಾಕಿನ ಇನ್‌ಪುಟ್‌ನಲ್ಲಿ ಮಿಡಿ, ಆಲ್ ಮಿಡಿ ಇನ್‌ಪುಟ್ಸ್, ಆಲ್ ಚಾನೆಲ್ಸ್ ಆರಿಸಿ. ನನ್ನ ಆ ಸಂಜೆ ಹಾಳಾಗಿದ್ದು ಇಲ್ಲೇ.

4. ಟ್ರ್ಯಾಕನ್ನು ರೆಕಾರ್ಡಿಂಗ್‌ಗೆ ಸಿದ್ಧಮಾಡುವ ಕೆಂಪು ಆರ್ಮ್ ಬಟನ್ ಒತ್ತಿ, ಮಾನಿಟರಿಂಗ್ (ನುಡಿಸುವಾಗಲೇ ಕೇಳಿಸುವುದು) ಆನ್ ಇದೆಯಾ ನೋಡಿ. ಆರ್ಮ್ ಮಾಡದ ಟ್ರ್ಯಾಕಿಗೆ ಕೀಬೋರ್ಡಿನ ಮಾತು ಕೇಳಿಸುವುದೇ ಇಲ್ಲ.

5. ಎಕೋ, ರಿವರ್ಬ್ ಏನೇ ಹಾಕಿದರೂ ವಾದ್ಯದ ಕೆಳಗೆ ಹಾಕಿ. ಮೇಲೆ ಹಾಕಿದರೆ ಅಲ್ಲಿಗೆ ಇನ್ನೂ ಸದ್ದೇ ಹುಟ್ಟಿರುವುದಿಲ್ಲ, ರಿವರ್ಬ್ ಏನನ್ನು ಹಿಡಿದುಕೊಳ್ಳಬೇಕು?

ಈಗ ಕೀ ಒತ್ತಿ. ಸದ್ದು ಬಂದರೆ ಸಂತೋಷ. ಬರದಿದ್ದರೆ ಎರಡು ಜಾಗ ನೋಡಿ, ಅಷ್ಟರಲ್ಲೇ ಮುಕ್ಕಾಲು ಪಾಲು ಪತ್ತೆಯಾಗುತ್ತದೆ. ಒಂದು, ಪ್ಲಗಿನ್ ಕಿಟಕಿಯಲ್ಲಿ ಬಿಡಿಸಿರುವ ಕೀಗಳು ಕೆಳಗಿಳಿಯುತ್ತಿವೆಯಾ? ಎರಡು, ಟ್ರ್ಯಾಕಿನ ಹಸಿರು ಮೀಟರ್ ಏರುತ್ತಿದೆಯಾ? ಕೀ ಅಲುಗದಿದ್ದರೆ ತೊಂದರೆ ವಾದ್ಯಕ್ಕಿಂತ ಮೊದಲು: ಕೀಬೋರ್ಡ್, ಮಿಡಿ ಇನ್‌ಪುಟ್, ಚಾನೆಲ್ ಅಥವಾ ಆರ್ಮ್. ಕೀ ಇಳಿದು ಮೀಟರ್ ಸುಮ್ಮನಿದ್ದರೆ ತೊಂದರೆ ಪ್ಲಗಿನ್ನಿನೊಳಗೆ: ಲೈಬ್ರರಿ ಸಿಕ್ಕಿಲ್ಲ, ಸದ್ದು ಲೋಡ್ ಆಗಿಲ್ಲ, ಅಥವಾ ನೀವು ಆ ವಾದ್ಯದ ಮಿತಿಗಿಂತ ಕೆಳಗಿನ ಕೀ ಒತ್ತುತ್ತಿದ್ದೀರಿ. ಕೊಳಲಿನ ಪ್ಲಗಿನ್‌ನಲ್ಲಿ ಎಡಗಡೆಯ ಕೀಗಳು ಮೂಕವಾಗಿರುವುದು ಸಹಜ. ಕೀ ಇಳಿದು ಮೀಟರೂ ಏರಿ ಏನೂ ಕೇಳಿಸದಿದ್ದರೆ ಆಡಿಯೋ ಔಟ್‌ಪುಟ್, ಮ್ಯೂಟ್, ಮಾಸ್ಟರ್ ವಾಲ್ಯೂಮ್ ನೋಡಿ.

ರೆಕಾರ್ಡ್ ಮಾಡುವಾಗ

ಮೊದಲು ಹಾಡಿನ ವೇಗ, ಅಂದರೆ ಬಿಪಿಎಂ ಸರಿಮಾಡಿ, ಆಮೇಲೆ ಮೆಟ್ರೋನೋಮ್ ಆನ್ ಮಾಡಿ. ಅದರ ಸೆಟ್ಟಿಂಗ್ಸ್‌ನಲ್ಲಿ ಕೌಂಟ್-ಇನ್ ಇಟ್ಟುಕೊಂಡರೆ ಒಂದೆರಡು ಬಾರ್ ಎಣಿಸಿದ ಮೇಲೆ ರೆಕಾರ್ಡಿಂಗ್ ಶುರುವಾಗುತ್ತದೆ, ರೆಕಾರ್ಡ್ ಬಟನ್ ಒತ್ತಿ ಕೀಬೋರ್ಡ್ ಕಡೆ ಓಡುವ ಗಡಿಬಿಡಿ ತಪ್ಪುತ್ತದೆ. ಮೆಟ್ರೋನೋಮ್ ಇಲ್ಲದೆ ಮನಸೋ ಇಚ್ಛೆ ನುಡಿಸಿದ್ದನ್ನು ಆಮೇಲೆ ಗ್ರಿಡ್‌ಗೆ, ಅಂದರೆ ತಾಳದ ಗೆರೆಗಳಿಗೆ, ಕೂರಿಸಲು ಹೊರಟರೆ ಕಣ್ಣೀರು ಬರುತ್ತದೆ.

ಸುಮ್ನೆ ಬೆರಳಾಡಿಸುವಾಗ ಒಂದು ಒಳ್ಳೆಯ ರಾಗ ಬಂತು, ರೆಕಾರ್ಡ್ ಒತ್ತಿರಲಿಲ್ಲ. ಇದು ಎಲ್ಲರಿಗೂ ಆಗುತ್ತದೆ ಅಲ್ವಾ? ಏಬಲ್ಟನ್‌ನಲ್ಲಿ ಕ್ಯಾಪ್ಚರ್ ಮಿಡಿ, ಕ್ಯೂಬೇಸ್‌ನಲ್ಲಿ ರೆಟ್ರಾಸ್ಪೆಕ್ಟಿವ್ ರೆಕಾರ್ಡ್ ಎನ್ನುವ ಸೌಲಭ್ಯ ಇದಕ್ಕೇ ಇರುವುದು. ಆಗಷ್ಟೇ ನುಡಿಸಿದ್ದನ್ನು ವಾಪಸ್ ತಂದುಕೊಡುತ್ತದೆ.

ಸಸ್ಟೇನ್ ಪೆಡಲ್ ಉಲ್ಟಾ ಕೆಲಸ ಮಾಡಿದರೆ, ಅಂದರೆ ಕಾಲು ಎತ್ತಿದಾಗ ಸದ್ದು ಎಳೆದುಕೊಂಡು ಹೋದರೆ, ಕೀಬೋರ್ಡ್ ಆಫ್ ಮಾಡಿ, ಪೆಡಲ್ ಮುಟ್ಟದೆ ಮತ್ತೆ ಆನ್ ಮಾಡಿ. ಬಹಳಷ್ಟು ಕೀಬೋರ್ಡ್‌ಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಹೇಗಿದೆಯೋ ಅದನ್ನೇ "ಒತ್ತಿಲ್ಲ" ಎಂದು ತಿಳಿದುಕೊಳ್ಳುತ್ತವೆ.

ತಿದ್ದುವುದು, ಅಸಲಿ ಮಜಾ ಇರುವ ಕಡೆ

ರೆಕಾರ್ಡ್ ಆದ ತುಂಡಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಪಿಯಾನೋ ರೋಲ್ ತೆರೆಯುತ್ತದೆ. ಎಡಗಡೆ ಕೀಗಳು, ಬಲಕ್ಕೆ ಸಮಯ, ಒಂದೊಂದು ಪಟ್ಟಿ ಒಂದೊಂದು ನೋಟ್. ಕೆಳಗೆ ಸಾಲಾಗಿ ನಿಂತ ಕಡ್ಡಿಗಳು ವೆಲಾಸಿಟಿ, ಎಷ್ಟು ಜೋರಾಗಿ ಒತ್ತಿದಿರಿ ಎನ್ನುವುದು.

ಎಲ್ಲರೂ ಮೊದಲು ಮಾಡುವ ಕೆಲಸ ಕ್ವಾಂಟೈಸ್, ಅಂದರೆ ನೋಟ್‌ಗಳನ್ನು ಗ್ರಿಡ್‌ಗೆ ಎಳೆದು ಕೂರಿಸುವುದು. ಎಲ್ಲ ನೋಟ್ ಆರಿಸಿ ಕ್ಯೂ ಒತ್ತಿದರೆ ಅದರ ಕಿಟಕಿ ಬರುತ್ತದೆ. 16ನೇ ಭಾಗದ ಗ್ರಿಡ್‌ಗೆ, ನೂರಕ್ಕೆ ನೂರು ಬಲದಲ್ಲಿ ಎಳೆದರೆ ಎಲ್ಲ ನೋಟ್‌ಗಳೂ ಸಾಲಾಗಿ ನಿಲ್ಲುತ್ತವೆ, ಜೊತೆಗೆ ಜೀವವೂ ಹೋಗುತ್ತದೆ. ನಾನು ಬಲವನ್ನು 60ರಿಂದ 70ಕ್ಕೆ ಇಡುತ್ತೇನೆ. ದೂರ ಓಡಿದ ನೋಟ್ ಹತ್ತಿರ ಬರುತ್ತದೆ, ಕೈಯ ಸಹಜ ಏರುಪೇರು ಉಳಿಯುತ್ತದೆ.

ವೆಲಾಸಿಟಿ ಕಡೆ ಮಾತ್ರ ಜಿಪುಣತನ ಬೇಡ, ಸಮಯ ಕೊಡಿ. ಮೌಸ್‌ನಿಂದ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಬರೆದಿದ್ದೀರಿ ಅಂದುಕೊಳ್ಳಿ. ಎಂಟು ಪೆಟ್ಟೂ 96. ಕೇಳಿದರೆ ಹೊಲಿಗೆ ಯಂತ್ರ ಓಡಿದ ಹಾಗೆ. ಅದನ್ನೇ 98, 62, 84, 58, 95, 66, 80, 71 ಮಾಡಿ ನೋಡಿ. ನೋಟ್ ಒಂದೂ ಬದಲಾಗಿಲ್ಲ, ಜಾಗವೂ ಬದಲಾಗಿಲ್ಲ, ಆದರೆ ಯಾರೋ ಕೂತು ಬಾರಿಸುತ್ತಿದ್ದಾರೆ ಅನ್ನಿಸುತ್ತದೆ. ಒಳ್ಳೆಯ ಸ್ಯಾಂಪಲ್ ವಾದ್ಯಗಳಲ್ಲಿ ಮೆಲ್ಲಗೆ ಹೊಡೆದದ್ದು, ಜೋರಾಗಿ ಹೊಡೆದದ್ದು ಬೇರೆ ಬೇರೆ ರೆಕಾರ್ಡ್ ಆಗಿರುತ್ತವೆ, ಹಾಗಾಗಿ ಅಂಕಿ ಬದಲಿಸಿದರೆ ಸದ್ದಿನ ಬಣ್ಣವೇ ಬದಲಾಗುತ್ತದೆ.

ವಯೊಲಿನ್, ಕೊಳಲಿನಂಥ ಎಳೆಯುವ ವಾದ್ಯಗಳ ಕತೆ ಬೇರೆ. ಅಲ್ಲಿ ಜೋರು, ಮೆಲು ಎರಡೂ ನೋಟ್ ನಡೆಯುತ್ತಿರುವಾಗಲೇ ಬದಲಾಗಬೇಕು. ಅದಕ್ಕೆ ಸಿಸಿ ಎನ್ನುವ ಕಂಟ್ರೋಲರ್ ಅಂಕಿಗಳಿವೆ. ಸಿಸಿ 1 ಮಾಡ್ಯುಲೇಷನ್ ಚಕ್ರ, 7 ವಾಲ್ಯೂಮ್, 11 ಎಕ್ಸ್‌ಪ್ರೆಷನ್, 64 ಸಸ್ಟೇನ್ ಪೆಡಲ್. ಆರ್ಕೆಸ್ಟ್ರಾ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ 1 ಮತ್ತು 11 ಎರಡರ ಮೇಲೇ ಎಲ್ಲ ನಿಂತಿರುತ್ತದೆ. ನೋಟ್‌ಗಳನ್ನು ಮೊದಲು ರೆಕಾರ್ಡ್ ಮಾಡಿ. ಎರಡನೇ ಸುತ್ತಿನಲ್ಲಿ ಟ್ರ್ಯಾಕನ್ನು ಓವರ್‌ಡಬ್‌ಗೆ (ಹಳೆಯದನ್ನು ಅಳಿಸದೆ ಮೇಲೆ ಸೇರಿಸುವುದು) ಹಾಕಿ ಬರೀ ಚಕ್ರ ತಿರುಗಿಸುತ್ತಾ ಕೇಳಿ. ಇಂಥ ವಾದ್ಯಗಳ ಸದ್ದು ನಿಧಾನಕ್ಕೆ ಏಳುತ್ತದೆ, ಗ್ರಿಡ್ ಮೇಲೆ ಸರಿಯಾಗಿ ಕೂರಿಸಿದರೂ ತಡವಾದಂತೆ ಕೇಳಿಸುತ್ತದೆ. ಕಣ್ಣು ಬಿಟ್ಟು ಕಿವಿ ನಂಬಿ, ನೋಟ್‌ಗಳನ್ನು ಸ್ವಲ್ಪ ಎಡಕ್ಕೆ ಸರಿಸಿ.

ಡ್ರಮ್ಸ್

ಡ್ರಮ್ಸ್ ಪ್ಲಗಿನ್‌ನಲ್ಲಿ ಒಂದೊಂದು ಕೀ ಒಂದೊಂದು ವಾದ್ಯ. 1991ರ ಜನರಲ್ ಮಿಡಿ ನಿಯಮದಂತೆ 36 ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), 38 ಸ್ನೇರ್ (ಕಡ್ಡಿಯಿಂದ ಬಾರಿಸುವ ಚಿಕ್ಕ ಡ್ರಮ್), 42 ಮುಚ್ಚಿದ ಹೈ-ಹ್ಯಾಟ್, 46 ತೆರೆದ ಹೈ-ಹ್ಯಾಟ್, ಚಾನೆಲ್ 10. ಬಹಳ ಪ್ಲಗಿನ್‌ಗಳು ಇದನ್ನು ಪಾಲಿಸುತ್ತವೆ, ಕೆಲವು ತಮ್ಮದೇ ದಾರಿ ಹಿಡಿಯುತ್ತವೆ. ಕೈಪಿಡಿಯಲ್ಲಿ ಸಿ3 ಅಂತ ಇದ್ದದ್ದು ನಿಮ್ಮ ತೆರೆಯ ಮೇಲೆ ಸಿ4 ಆಗಿದ್ದರೆ ಗಾಬರಿ ಬೇಡ. 60ನೇ ಕೀಯನ್ನು ಕೆಲವರು ಸಿ3 ಅನ್ನುತ್ತಾರೆ, ಕೆಲವರು ಸಿ4 ಅನ್ನುತ್ತಾರೆ. ನಂಬರ್ ನೋಡಿದರೆ ಗೊಂದಲ ಇಲ್ಲ.

ಕಿಕ್‌ಗೆ ಬೇರೆ, ಸ್ನೇರ್‌ಗೆ ಬೇರೆ ಎಫೆಕ್ಟ್ ಬೇಕಾದರೆ ಮಲ್ಟಿ-ಔಟ್, ಅಂದರೆ ಒಂದೊಂದಕ್ಕೂ ಬೇರೆ ಔಟ್‌ಪುಟ್, ಬೇಕು. ಹೆಚ್ಚು ಔಟ್‌ಪುಟ್ ಇರುವ ವಾದ್ಯ ಹಾಕಿದಾಗ ರೀಪರ್ ತಾನೇ ಕೇಳುತ್ತದೆ, ಅಷ್ಟು ಟ್ರ್ಯಾಕ್ ಮಾಡಿಕೊಡಲಾ ಅಂತ. ಹೂಂ ಅನ್ನಿ. ಆಮೇಲೆ ಪ್ಲಗಿನ್ನಿನ ಮಿಕ್ಸರ್‌ನಲ್ಲೂ ಕಿಕ್ 1-2ಕ್ಕೆ, ಸ್ನೇರ್ 3-4ಕ್ಕೆ ಎಂದು ಹಂಚಬೇಕು. ಈ ಎರಡನೇ ಹೆಜ್ಜೆ ಮರೆತರೆ ಎಲ್ಲ ಸದ್ದೂ ಮೊದಲ ಟ್ರ್ಯಾಕಿನಲ್ಲೇ ಗುಂಪುಗೂಡುತ್ತದೆ.

ಇನ್ನೆರಡು ಕಾಟಗಳು

ಒಂದು ಕೀ ಒತ್ತಿದರೆ ಎರಡು ಸದ್ದು ಬರುತ್ತಿದ್ದರೆ, ಒಂದು ಕೀಬೋರ್ಡಿನ ಸ್ವಂತದ್ದು, ಇನ್ನೊಂದು ಪ್ಲಗಿನ್ನಿನದ್ದು. ಕೀಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ ಲೋಕಲ್ ಕಂಟ್ರೋಲ್ ಆಫ್ ಮಾಡಿ. ಬೆರಳೆತ್ತಿದರೂ ಸದ್ದು ನಿಲ್ಲದೆ ಕೂಗುತ್ತಲೇ ಇದ್ದರೆ "ಬಿಟ್ಟರು" ಎನ್ನುವ ಸಂದೇಶ ದಾರಿಯಲ್ಲಿ ಕಳೆದುಹೋಗಿದೆ. ಆಲ್ ನೋಟ್ಸ್ ಆಫ್ ಅಥವಾ ಪ್ಯಾನಿಕ್ ಎಂಬ ಬಟನ್ ಇರುತ್ತದೆ, ಅದನ್ನು ಒತ್ತಿ.

ಟ್ರ್ಯಾಕ್ ಜಾಸ್ತಿಯಾಗಿ ಕಂಪ್ಯೂಟರ್ ತಡವರಿಸಿದರೆ ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ. ಅದು ಸದ್ದನ್ನು ಆಡಿಯೋ ಆಗಿ ಬರೆದಿಟ್ಟು ಪ್ಲಗಿನ್ನಿಗೆ ವಿಶ್ರಾಂತಿ ಕೊಡುತ್ತದೆ, ತಿದ್ದಬೇಕೆನಿಸಿದಾಗ ಅನ್‌ಫ್ರೀಜ್ ಮಾಡಿದರಾಯಿತು. ಹಾಡು ಪೂರ್ತಿ ಮುಗಿದ ಮೇಲೆ ಪ್ರತಿ ಟ್ರ್ಯಾಕನ್ನೂ ಒಂದೊಂದು ಆಡಿಯೋ ಫೈಲ್ ಆಗಿ ರೆಂಡರ್ ಮಾಡಿ, ಮಿಡಿ ಫೈಲ್ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಡಿ, ವಾದ್ಯದ ಹೆಸರು ಮತ್ತು ಅದರಲ್ಲಿ ಆರಿಸಿದ ಸದ್ದಿನ, ಅಂದರೆ ಪ್ರಿಸೆಟ್ ಹೆಸರನ್ನು ಟ್ರ್ಯಾಕಿನ ಹೆಸರಲ್ಲೇ ಬರೆದಿಡಿ. ನಾನು ಬರೆದಿಟ್ಟಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಪ್ರಾಜೆಕ್ಟ್ ಮೊನ್ನೆ ತೆರೆದರೆ ನೋಟ್‌ಗಳೆಲ್ಲ ಹಾಗೇ ಇವೆ, ಟ್ರ್ಯಾಕಿನ ಹೆಸರು "ಪ್ಯಾಡ್ ಹೊಸದು 2", ಆ ಪ್ಲಗಿನ್ ಈಗಿನ ಕಂಪ್ಯೂಟರ್‌ನಲ್ಲಿಲ್ಲ, ಆ ಸದ್ದು ಯಾವುದಿತ್ತು ಅಂತ ಇನ್ನೂ ಹುಡುಕುತ್ತಿದ್ದೇನೆ.